ಲೆಕ್ಕ ಮಾಡುತ್ತ ಕೂತವರು ಕಳ್ಳರಲ್ಲ

ಸಂಪಾದಕರಿಗೆ,

ಮಾನ್ಯರೇ,

ಆನ್‌ಲೈನ್ ಪರೀಕ್ಷೆಗಳಲ್ಲಿ ನಕಲು ಜಾಸ್ತಿಯಾಗಿದೆ, ಕಣ್ಗಾವಲು ಇನ್ನೂ ಬಿಗಿಯಾಗಬೇಕು ಎಂದು ಈ ಅಂಕಣದಲ್ಲಿ ಈಚೆಗೆ ಕೆಲವು ಓದುಗರು ಬರೆದಿದ್ದರು. ನಕಲು ಮಾಡುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಕಾವಲಿಗೆ ಇಟ್ಟ ತಂತ್ರಾಂಶವೇ ಎಡವಿ, ಅದರ ಗೂಬೆಯನ್ನು ಪರೀಕ್ಷೆ ಬರೆದ ಮಕ್ಕಳ ಮೇಲೆ ಕೂರಿಸಿದರೆ ಕೇಳುವವರು ಯಾರು? ನಮ್ಮ ಮನೆಯಲ್ಲೇ ಅಂಥದ್ದೊಂದು ನಡೆದಿದೆ. ನನ್ನ ಕೆಲಸವೂ ಅದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಉದ್ದವಾಯಿತು ಅನ್ನಿಸಿದರೆ ಕತ್ತರಿ ಹಾಕಿ. ಆದರೆ ಟೈಮ್‌ಔಟ್ ಬಗ್ಗೆ ಬರೆದ ಭಾಗವನ್ನು ಮಾತ್ರ ದಯವಿಟ್ಟು ಉಳಿಸಿಕೊಳ್ಳಿ.

ನಾನು ತೀರ್ಥಹಳ್ಳಿಯ ಮನೆಯಿಂದಲೇ ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ. ಎಲ್ಲೋ ಒಂದು ಕಂಪ್ಯೂಟರ್ ಕೆಟ್ಟಾಗ ದೂರದಲ್ಲಿ ಕೂತವರು ಅದರ ಪರದೆ ನೋಡಿಕೊಂಡು ಸರಿ ಮಾಡುತ್ತಾರಲ್ಲ, ಅಂಥ ತಂತ್ರಾಂಶ ನಮ್ಮದು. ಅದರಲ್ಲಿ ಪರದೆಯ ಚಿತ್ರ ಹಿಡಿದು ಆಚೆಗೆ ಕಳಿಸುವ ಭಾಗ ನನ್ನ ಪಾಲಿಗೆ ಬಂದಿದೆ. ಕೇಳುವುದಕ್ಕೆ ಸುಲಭ. ಆದರೆ ವರ್ಷಗಟ್ಟಲೆ ಅದರಲ್ಲೇ ಮುಳುಗಿರುವಷ್ಟು ತಲೆನೋವು ಅದರಲ್ಲಿದೆ.

ನನ್ನ ಅಕ್ಕನ ಮಗಳು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಕೆಲಸಕ್ಕೆ ಆಳು ತೆಗೆದುಕೊಳ್ಳುವ ಕಂಪನಿಯೊಂದು ಅವಳ ಕಾಲೇಜಿನವರಿಗೆ ಮನೆಯಿಂದಲೇ ಬರೆಯುವ ಪರೀಕ್ಷೆ ಇಟ್ಟಿತ್ತು. ಕ್ಯಾಮೆರಾ ಆನ್ ಇರಬೇಕು, ಪರದೆ ಪೂರ್ತಿ ಹಂಚಿಕೊಂಡಿರಬೇಕು, ಮಧ್ಯದಲ್ಲಿ ಎದ್ದು ಹೋಗಬಾರದು. ರಫ್ ಹಾಳೆ ಬಳಸಬಹುದು ಅಂತ ನಿಯಮದಲ್ಲೇ ಬರೆದಿತ್ತು. ಅವಳ ಮನೆಯಲ್ಲಿ ಇಂಟರ್‌ನೆಟ್ ಸರಿಯಿಲ್ಲ ಅಂತ ನಮ್ಮ ಮನೆಗೆ ಬಂದು, ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ಬರೆದಳು. ಚೆನ್ನಾಗಿ ಬರೆದಿದ್ದೇನೆ ಅಂತ ಖುಷಿಯಲ್ಲೇ ಕೆಳಗೆ ಇಳಿದು ಬಂದಳು.

ಆಮೇಲೆ ಬಂದ ಮೇಲ್‌ನಲ್ಲಿ ಇದ್ದದ್ದು ಇಷ್ಟು: ಪರೀಕ್ಷೆಯ ಹೊತ್ತಿನಲ್ಲಿ ನಿಮ್ಮ ಸ್ಕ್ರೀನ್ ನಲವತ್ತಕ್ಕೂ ಹೆಚ್ಚು ಸಲ ನಮಗೆ ಸಿಗದೆ ಹೋಗಿದೆ, ನಿಯಮ ಉಲ್ಲಂಘನೆಯ ಶಂಕೆ ಇದೆ, ನಿಮ್ಮ ಅಂಕ ಪರಿಗಣಿಸುವುದಿಲ್ಲ. ಜೊತೆಗೆ ಒಂದು ಪಟ್ಟಿ. ಯಾವ ಹೊತ್ತಿಗೆ ಸ್ಕ್ರೀನ್ ತಪ್ಪಿತು, ಯಾವ ಹೊತ್ತಿಗೆ ಮತ್ತೆ ಸಿಕ್ಕಿತು ಅಂತ. ಯಾಕೆ ತಪ್ಪಿತು ಅನ್ನುವ ಕಾಲಂ ಇರಲಿಲ್ಲ.

ಹುಡುಗಿ ಅತ್ತೂ ಅತ್ತೂ ಸುಸ್ತಾಗಿದ್ದಳು. "ಚಿಕ್ಕಿ, ನಾನು ಏನೂ ಮಾಡ್ಲಿಲ್ಲ. ಆ ಪೈಪು, ತೊಟ್ಟಿ, ರೈಲಿನ ಲೆಕ್ಕ ಎಲ್ಲ ಸುಮ್ನೆ ಹಾಳೆ ಮೇಲೆ ಮಾಡ್ತಾ ಕೂತಿದ್ದೆ. ಆವಾಗೆಲ್ಲ ಮೇಲುಗಡೆ ಹಳದಿ ಪಟ್ಟಿಯೊಂದು ಬರ್ತಿತ್ತು. ತಾನಾಗೇ ಹೋಗ್ತಿತ್ತು. ಮತ್ತೆ ಬರ್ತಿತ್ತು." ಅಂದಳು.

ತಾನಾಗೇ ಹೋಗ್ತಿತ್ತು ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಲೇಬೇಕು. ಕಂಪ್ಯೂಟರ್ ಗೊತ್ತಿಲ್ಲದವರಿಗೂ ಅರ್ಥವಾಗುವಂಥದ್ದೇ. ಈಗಿನ ಸಾಮಾನ್ಯ ಲ್ಯಾಪ್‌ಟಾಪ್ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಒಟ್ಟು 20 ಲಕ್ಷಕ್ಕೂ ಜಾಸ್ತಿ. ಒಂದೊಂದು ಚುಕ್ಕಿಯ ಬಣ್ಣಕ್ಕೆ 4 ಬೈಟ್ ಅಂದರೆ ಒಂದು ಚಿತ್ರಕ್ಕೆ ಸುಮಾರು 8 ಎಂಬಿ ಆಯಿತು. ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಪ್ರತಿ ಸಲವೂ ಪೂರ್ತಿ ಚಿತ್ರ ಎತ್ತಿಕೊಳ್ಳುತ್ತ ಹೋದರೆ ಸೆಕೆಂಡಿಗೆ ಹೆಚ್ಚುಕಡಿಮೆ 500 ಎಂಬಿ. ಸುಮ್ನೆ ದಂಡ. ಯಾಕೆಂದರೆ ನಾವು ಓದುತ್ತ ಕೂತಾಗ ಪರದೆಯಲ್ಲಿ ಏನೂ ಬದಲಾಗಿರುವುದೇ ಇಲ್ಲ.

ಹಿಂದೆ ವಿಂಡೋಸ್‌ನಲ್ಲಿ ಪರದೆ ಹಿಡಿಯುವವರು ಬಿಟ್‌ಬ್ಲಿಟ್ ಅನ್ನುವ ಹಳೇ ವಿಧಾನ ಬಳಸುತ್ತಿದ್ದರು. ಕೇಳಿದಾಗೆಲ್ಲ ಅದು ಚಿತ್ರ ಕೊಡುತ್ತಿತ್ತು. ಹೊಸದೋ ಹಳೆಯದೋ, ಅದರ ಗೊಡವೆ ಅದಕ್ಕಿಲ್ಲ. 2012ರಲ್ಲಿ ಬಂದ ವಿಂಡೋಸ್ 8ರ ಜೊತೆ ಮೈಕ್ರೋಸಾಫ್ಟ್ ಡೆಸ್ಕ್‌ಟಾಪ್ ಡುಪ್ಲಿಕೇಶನ್ ಅನ್ನುವ ಹೊಸ ದಾರಿ ಕೊಟ್ಟಿತು. ಇದರ ರೀತಿಯೇ ಬೇರೆ. ನಮ್ಮ ಪ್ರೋಗ್ರಾಮ್ 'ಮುಂದಿನ ಫ್ರೇಮ್ (ಅಂದರೆ ಪರದೆಯ ಮುಂದಿನ ಚಿತ್ರ) ಕೊಡು, ಇಷ್ಟು ಮಿಲಿಸೆಕೆಂಡ್ ಕಾಯುತ್ತೇನೆ' ಅಂತ ಕೇಳುತ್ತದೆ. ಅಷ್ಟರೊಳಗೆ ಪರದೆಯಲ್ಲಿ ಏನಾದರೂ ಬದಲಾದರೆ, ಕೊನೇಪಕ್ಷ ಮೌಸ್ ಅಲುಗಿದರೂ ಸಾಕು, ಉತ್ತರ ಬರುತ್ತದೆ. ಯಾವ ಜಾಗ ಬದಲಾಯಿತು, ಕೊನೆಗೆ ಬದಲಾದದ್ದು ಯಾವಾಗ ಅನ್ನುವುದನ್ನೂ ಹೇಳುತ್ತದೆ. ಏನೂ ಬದಲಾಗದಿದ್ದರೆ ಹೇಳಿದಷ್ಟು ಹೊತ್ತು ಕಾದು 'ಟೈಮ್‌ಔಟ್' ಅನ್ನುತ್ತದೆ.

ಈ ಟೈಮ್‌ಔಟ್ ಅನ್ನುವುದನ್ನೇ ಜನ ತಪ್ಪು ತಿಳಿಯುವುದು. ಮೈಕ್ರೋಸಾಫ್ಟ್‌ನವರು ಅದನ್ನು ಎರರ್ ಕೋಡ್‌ಗಳ ಸಾಲಿನಲ್ಲೇ ಇಟ್ಟಿದ್ದಾರೆ ನಿಜ. ಹೆಸರಿನಲ್ಲೂ ಎರರ್ ಅಂತ ಇದೆ. ಆದರೆ ಅದರ ಅರ್ಥ 'ಹೊಸದೇನೂ ಇಲ್ಲ' ಅಂತ ಅಷ್ಟೆ. ಇವತ್ತು ನಿಮ್ಮ ಮನೆಗೆ ಕಾಗದ ಬರಲಿಲ್ಲ ಅಂದರೆ ಯಾರೂ ಬರೆದಿಲ್ಲ ಅಂತ ಅರ್ಥ, ಅಂಚೆ ಕಚೇರಿಗೆ ಬೀಗ ಬಿದ್ದಿದೆ ಅಂತಲ್ಲ, ಅಲ್ವಾ?

ಇದು ನನ್ನ ಸ್ವಂತ ಅಭಿಪ್ರಾಯ ಅಂದುಕೊಳ್ಳಬೇಡಿ. ಮೈಕ್ರೋಸಾಫ್ಟ್ ಪ್ರಕಟಿಸಿರುವ ಮಾದರಿ ಪ್ರೋಗ್ರಾಮ್ ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ 500 ಮಿಲಿಸೆಕೆಂಡ್ ಕಾಯುತ್ತಾರೆ. ಟೈಮ್‌ಔಟ್ ಬಂದರೆ 'ಟೈಮ್‌ಔಟ್ ಆಯಿತು' ಅಂತ ಗುರುತು ಹಾಕಿಕೊಂಡು, ಕೆಲಸ ಯಶಸ್ವಿ ಅಂತಲೇ ವಾಪಸ್ ಬರುತ್ತಾರೆ. ಯೂಟ್ಯೂಬ್ ಮಾಡುವ ಹುಡುಗರೆಲ್ಲ ಪರದೆ ರೆಕಾರ್ಡ್ ಮಾಡಲು ಬಳಸುವ ಒಬಿಎಸ್ ಇದೆಯಲ್ಲ, ಅದರ ಕೋಡ್ ಕೂಡ ಬಹಿರಂಗವಾಗಿಯೇ ಇದೆ. ಅಲ್ಲೂ ಹಾಗೇ. ಟೈಮ್‌ಔಟ್ ಅಂದರೆ ಸರಿ ಇದೆ, ಹಳೇ ಚಿತ್ರವನ್ನೇ ಮುಂದುವರಿಸು. ಆಪಲ್‌ನವರು 2022ರಲ್ಲಿ ಮ್ಯಾಕ್‌ಗೆ ಸ್ಕ್ರೀನ್‌ಕ್ಯಾಪ್ಚರ್‌ಕಿಟ್ ತಂದಾಗ ಇನ್ನೂ ಚೆನ್ನಾಗಿ ಮಾಡಿದರು. ಪರದೆ ಬದಲಾಗದ ಸ್ಥಿತಿಗೆ 'ಐಡಲ್' ಅಂತ ಬೇರೆಯೇ ಹೆಸರಿಟ್ಟು, ಎರರ್ ಅನ್ನುವ ಮಾತನ್ನೇ ತೆಗೆದರು. ದೂರದ ಕಂಪ್ಯೂಟರಿನ ಪರದೆ ನೋಡಲು ಬಳಸುವ ವಿಎನ್‌ಸಿ ಇವೆಲ್ಲಕ್ಕಿಂತ ಹಳೆಯದು. ಅದರ ನಿಯಮಾವಳಿ 2011ರಲ್ಲಿ ಆರ್‌ಎಫ್‌ಸಿ 6143 ಎಂಬ ಇಂಟರ್‌ನೆಟ್ ದಾಖಲೆಯಾಗಿ ಪ್ರಕಟವಾಗಿದೆ. ಬದಲಾವಣೆ ಮಾತ್ರ ಕಳಿಸು ಅಂತ ಕೇಳಿದರೆ ಉತ್ತರ ಎಷ್ಟು ಹೊತ್ತಾದರೂ ಬರದೇ ಇರಬಹುದು ಅಂತ ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಅಂದರೆ ಈ ಕಸುಬಿನಲ್ಲಿ ಇರುವವರಿಗೆ ಇದು ಹೊಸ ವಿಷಯವೇ ಅಲ್ಲ.

ಈಗ ನಮ್ಮ ಹುಡುಗಿಯ ಹಳದಿ ಪಟ್ಟಿಗೆ ಬರುತ್ತೇನೆ. ಆ ಪರೀಕ್ಷೆಯ ತಂತ್ರಾಂಶದಲ್ಲಿ ಅಭ್ಯಾಸಕ್ಕೆ ಅಂತ ಮಾಕ್ ಟೆಸ್ಟ್ ಇನ್ನೂ ತೆರೆದೇ ಇತ್ತು. ಅದೇ ಲ್ಯಾಪ್‌ಟಾಪ್, ಅದೇ ಮೇಜು, ಅದೇ ವೈ-ಫೈ. ಇಬ್ಬರೂ ಕೂತು ತೆರೆದೆವು. ಅವಳಿಗೆ, "ಏನನ್ನೂ ಮುಟ್ಟಬೇಡ ಮಾರಾಯ್ತಿ, ಸುಮ್ನೆ ಕೂತ್ಕೋ" ಅಂದೆ. ಸುಮಾರು ಹತ್ತು ಸೆಕೆಂಡ್ ಆಗಿರಬೇಕು, ಪರದೆಯ ನೆತ್ತಿಯಲ್ಲಿ ಹಳದಿ ಪಟ್ಟಿ ಬಂತು. 'ಸ್ಕ್ರೀನ್ ಫೀಡ್ ಇಂಟರಪ್ಟೆಡ್'. ಓದಿ ಮುಗಿಸುವಷ್ಟರಲ್ಲಿ ಮಾಯ. ಮತ್ತೆ ಹತ್ತು ಸೆಕೆಂಡ್, ಮತ್ತೆ ಪಟ್ಟಿ, ಮತ್ತೆ ಮಾಯ. ಗಡಿಯಾರ ಇಟ್ಟುಕೊಂಡು ನೋಡಿದೆ. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಅಳೆದು ಹಾಕಿದ ಹಾಗೆ ಒಂದೇ ಸಮ. ಮಲೆನಾಡಿನ ಇಂಟರ್‌ನೆಟ್ ಇಷ್ಟು ಶಿಸ್ತಾಗಿ ಕೈ ಕೊಟ್ಟದ್ದನ್ನು ನಾನು ಕಂಡಿಲ್ಲ. ವೈ-ಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್ ಹಾಕಿದೆವು. ಅದೇ ತಾಳ. ಮೌಸ್ ಮೇಲೆ ಕೈಯಿಟ್ಟು ಸಣ್ಣಗೆ ಆಡಿಸುತ್ತ ಕೂತರೆ ಪಟ್ಟಿಯೇ ಇಲ್ಲ. ಕೈ ತೆಗೆದರೆ ಹಾಜರ್.

ಏನಾಗುತ್ತಿತ್ತು ಅಂದರೆ, ಹತ್ತು ಸೆಕೆಂಡ್ ಹೊಸ ಫ್ರೇಮ್ ಬರದಿದ್ದರೆ ಈ ತಂತ್ರಾಂಶ 'ಸ್ಕ್ರೀನ್ ತಪ್ಪಿಹೋಯಿತು' ಅಂತ ತೀರ್ಮಾನಿಸಿ, ಒಂದು ಉಲ್ಲಂಘನೆ ಬರೆದುಕೊಂಡು, ಹಳದಿ ಪಟ್ಟಿ ತೋರಿಸುತ್ತದೆ. ಆ ಪಟ್ಟಿ ಮೂಡಿದ್ದೇ ಪರದೆಯಲ್ಲಿ ಆದ ಬದಲಾವಣೆ! ಹಾಗಾಗಿ ಹೊಸ ಫ್ರೇಮ್ ಬರುತ್ತದೆ. ಓಹೋ ಸ್ಕ್ರೀನ್ ಮತ್ತೆ ಸಿಕ್ಕಿತು ಅಂತ ಪಟ್ಟಿ ತೆಗೆಯುತ್ತದೆ. ಮತ್ತೆ ಎಲ್ಲ ಸ್ತಬ್ಧ. ಹತ್ತು ಸೆಕೆಂಡ್ ಆದಮೇಲೆ ಮತ್ತೊಂದು ಉಲ್ಲಂಘನೆ. ತನ್ನ ನೆರಳನ್ನು ತಾನೇ ಹಿಡಿದು ಪೊಲೀಸರಿಗೆ ಒಪ್ಪಿಸುವ ಕೆಲಸ. ಒಬ್ಬ ಹುಡುಗಿ ಏಳೆಂಟು ನಿಮಿಷ ತಲೆ ತಗ್ಗಿಸಿ ಲೆಕ್ಕ ಮಾಡಿದರೆ ನಲವತ್ತು ದಾಟುವುದು ಏನು ಕಷ್ಟ?

ಮೇಲ್ ಜೊತೆ ಬಂದ ಪಟ್ಟಿಯಲ್ಲಿದ್ದ ಹೊತ್ತು ನೋಡಿದರೆ ಅದೂ ತಾಳೆಯಾಗುತ್ತದೆ. ಇಂಗ್ಲಿಷ್ ಭಾಗದಲ್ಲಿ ಉದ್ದನೆಯ ಪ್ಯಾರಾ ಓದುವಾಗ ಸ್ಕ್ರೋಲ್ ಮಾಡುತ್ತಿರುತ್ತಾರಲ್ಲ, ಆಗ ಒಂದೂ ಇಲ್ಲ. ಎಲ್ಲವೂ ಲೆಕ್ಕದ ಭಾಗದಲ್ಲೇ. ಅಲ್ಲಿ ಪ್ರಶ್ನೆ ಎರಡೇ ಸಾಲು, ಕೆಳಗೆ ನಾಲ್ಕು ಆಯ್ಕೆ. ಟೈಪ್ ಮಾಡುವ ಜಾಗವೇ ಇಲ್ಲ, ಹಾಗಾಗಿ ಮಿನುಗುವ ಕರ್ಸರ್ ಕೂಡ ಇಲ್ಲ. ಉಳಿದ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಮಾತ್ರ ತೋರಿಸುತ್ತಿದ್ದರು. ಮೂಲೆಯಲ್ಲಿ ಸೆಕೆಂಡ್ ಓಡುವ ಗಡಿಯಾರ ಒಂದಿದ್ದಿದ್ದರೆ ಸೆಕೆಂಡಿಗೊಂದು ಫ್ರೇಮ್ ಬಂದು, ಈ ದೋಷ ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು. ಬಹುಶಃ ಅವರ ಕಚೇರಿಯಲ್ಲಿ ಪರೀಕ್ಷೆ ಮಾಡಿ ನೋಡಿದವರು ಪಟಪಟ ಅಂತ ಉತ್ತರ ಒತ್ತುತ್ತ ಹೋಗಿರುತ್ತಾರೆ. ಯೋಚನೆ ಮಾಡುತ್ತ ಕೂರುವವರ ಥರ ಯಾರೂ ಕೂತಿರಲಿಕ್ಕಿಲ್ಲ.

ಪರದೆ ನಿಜವಾಗಿಯೂ ಕೈತಪ್ಪುವುದು ಬೇರೆ. ಅದಕ್ಕೆ ವಿಂಡೋಸ್‌ನಲ್ಲಿ 'ಆಕ್ಸೆಸ್ ಲಾಸ್ಟ್' ಅನ್ನುವ ಬೇರೆ ಕೋಡ್ ಇದೆ. ತಮಾಷೆ ಅಂದರೆ ಎರಡೂ ಕೋಡ್‌ಗಳು ಪಕ್ಕಪಕ್ಕದಲ್ಲೇ ಇವೆ. ಉದ್ದನೆಯ ಸಂಖ್ಯೆಯ ಕೊನೆಯಲ್ಲಿ ಆಕ್ಸೆಸ್ ಲಾಸ್ಟ್‌ಗೆ 26, ಟೈಮ್‌ಔಟ್‌ಗೆ 27. ಉಳಿದ ಅಂಕಿಗಳೆಲ್ಲ ಒಂದೇ. 26 ಬಂದಾಗ ಹಿಡಿದಿದ್ದನ್ನೆಲ್ಲ ಬಿಟ್ಟು, ಪರದೆ ಹಿಡಿಯುವ ಏರ್ಪಾಟನ್ನು ಮೊದಲಿನಿಂದ ಕಟ್ಟಬೇಕು. 27 ಬಂದಾಗ ಏನನ್ನೂ ಮುಟ್ಟದೆ ಇನ್ನೊಮ್ಮೆ ಕೇಳಿದರೆ ಸಾಕು. ಎರಡನ್ನೂ ಒಂದೇ ಬುಟ್ಟಿಗೆ ಹಾಕುವ ಪ್ರೋಗ್ರಾಮರ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಯಶಸ್ವಿಯಾಯಿತೇ, ಇಲ್ಲವೇ? ಇಲ್ಲವಾದರೆ ಫೇಲ್. ಮುಗಿಯಿತು. ಬಿಟ್‌ಬ್ಲಿಟ್ ಕಾಲದಿಂದ ಬಂದ ಅಭ್ಯಾಸ ಅದು.

26 ಬಂದರೂ ಅದು ಕಳ್ಳತನದ ಗುರುತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಯಾವುದೋ ಅಪ್‌ಡೇಟ್ ಬಂದು, ಪರದೆಯೆಲ್ಲ ಮಂಕಾಗಿ, 'ಈ ಆ್ಯಪ್‌ಗೆ ಅನುಮತಿ ಕೊಡುತ್ತೀರಾ' ಅಂತ ವಿಂಡೋಸ್ ಕೇಳುತ್ತದಲ್ಲ, ಆಗ ಸಾಮಾನ್ಯ ಪ್ರೋಗ್ರಾಮ್‌ಗಳಿಗೆ ಪರದೆ ಕಾಣದ ಹಾಗೆ ವಿಂಡೋಸೇ ಅಡ್ಡ ನಿಲ್ಲುತ್ತದೆ. ಅದು ಸುರಕ್ಷತೆಗಾಗಿ ಮಾಡಿದ್ದು, ಒಳ್ಳೆಯದೇ. ಪರದೆಯ ರೆಸಲ್ಯೂಶನ್ ಬದಲಾದರೂ ಹೀಗೇ ಆಗುತ್ತದೆ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳದ್ದಂತೂ ಇನ್ನೊಂದು ರಾಮಾಯಣ. ಪರದೆ ಒಂದು ಚಿಪ್‌ನ ಕೈಯಲ್ಲಿ, ಪ್ರೋಗ್ರಾಮ್ ಇನ್ನೊಂದರ ಮೇಲೆ ಓಡುತ್ತಿದ್ದರೆ ಪರದೆ ಹಿಡಿಯುವುದಕ್ಕೇ ಆಗುವುದಿಲ್ಲ. ಗೇಮ್ ಆಡಲು ಅಂತ ಅಪ್ಪ ಅಮ್ಮನನ್ನು ಕಾಡಿಸಿ ತೆಗೆಸಿಕೊಂಡ ಲ್ಯಾಪ್‌ಟಾಪ್ ಪರೀಕ್ಷೆಯ ದಿನ ಹೀಗೆ ಕೈ ಕೊಡುವುದುಂಟು.

ಕರೆಂಟಿನ ವಿಷಯವನ್ನು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿಗೆ ಬರುತ್ತದೆ. ಬ್ಯಾಟರಿಯಲ್ಲಿದ್ದಾಗ ಸ್ವಲ್ಪ ಹೊತ್ತು ಮುಟ್ಟದಿದ್ದರೆ ಪರದೆ ತಾನೇ ಆರಿಹೋಗುತ್ತದೆ. ಸಿನಿಮಾ ನೋಡುವಾಗ ಹಾಗೆ ಆರುವುದಿಲ್ಲ, ಯಾಕೆಂದರೆ ವಿಡಿಯೊ ತೋರಿಸುವ ತಂತ್ರಾಂಶ 'ಪರದೆ ಆರಿಸಬೇಡ' ಅಂತ ವಿಂಡೋಸ್‌ಗೆ ಹೇಳಿರುತ್ತದೆ. ಒಂದೇ ಸಾಲಿನ ಕೆಲಸ ಅದು. ಮೂರು ಗಂಟೆಯ ಸಿನಿಮಾಕ್ಕೆ ಸಿಗುವ ಈ ಸೌಕರ್ಯ ಕೆಲಸದ ಪರೀಕ್ಷೆ ಬರೆಯುವವರಿಗೆ ಸಿಗಬಾರದೇ? ಮಾಕ್ ಟೆಸ್ಟ್ ಹೊತ್ತಿನಲ್ಲಿ ಚಾರ್ಜರ್ ಕಿತ್ತು ನೋಡಿದೆ. ಪರದೆ ಆರಿತು!

ಟೈಮ್‌ಔಟ್ ಎಷ್ಟಿಡಬೇಕು ಅನ್ನುವುದರಲ್ಲೂ ಒಂದು ಹದವಿದೆ. ಕಾಯುವುದೇ ಇಲ್ಲ, ಸೊನ್ನೆ ಅಂತ ಇಟ್ಟರೆ ಪ್ರೋಗ್ರಾಮ್ ಬಿಡುವಿಲ್ಲದೆ 'ಬಂತಾ, ಬಂತಾ' ಅಂತ ಕೇಳುತ್ತಲೇ ಇರುತ್ತದೆ. ಪ್ರೊಸೆಸರ್ ಬಿಸಿಯಾಗಿ ಫ್ಯಾನ್ ಬೊಬ್ಬೆ ಹೊಡೆಯುತ್ತದೆ. ಬರುವ ತನಕ ಕಾಯುತ್ತೇನೆ ಅಂತ ಇಟ್ಟರೆ ನಿಲ್ಲಿಸು ಅಂತ ಒತ್ತಿದರೂ ಅದಕ್ಕೆ ಕೇಳಿಸುವುದಿಲ್ಲ, ಅಲ್ಲೇ ಕೂತಿರುತ್ತದೆ. ನಾವು ಮಧ್ಯದಲ್ಲಿ, ನೂರಿನ್ನೂರು ಮಿಲಿಸೆಕೆಂಡ್ ಇಟ್ಟುಕೊಳ್ಳುತ್ತೇವೆ. ಟೈಮ್‌ಔಟ್ ಆದಾಗ ಹಿಂದಿನ ಚಿತ್ರ ಹಾಗೇ ಉಳಿಯುತ್ತದೆ. ಕೆಲವು ಸೆಕೆಂಡಿಗೊಮ್ಮೆ ಆಚೆ ಕಡೆಗೆ ಒಂದು ಪುಟ್ಟ ಸಂದೇಶ ಹೋಗುತ್ತದೆ: ನಾನಿದ್ದೇನೆ, ಪರದೆ ಬದಲಾಗಿಲ್ಲ. ಕೆಲವೇ ಬೈಟ್‌ಗಳ ಸಂದೇಶ. ಅದು ಬರುತ್ತಿದ್ದರೆ ಎಲ್ಲ ಸರಿ ಇದೆ. ಅದೇ ನಿಂತುಹೋದರೆ ಇಂಟರ್‌ನೆಟ್ ಹೋಗಿದೆ ಅಥವಾ ಪ್ರೋಗ್ರಾಮ್ ಬಿದ್ದಿದೆ. ಇಷ್ಟು ಮಾಡಿದ್ದರೆ 'ಪರದೆ ಬದಲಾಗಿಲ್ಲ', 'ಪರದೆ ಸಿಗುತ್ತಿಲ್ಲ', 'ಇಂಟರ್‌ನೆಟ್ ಇಲ್ಲ' ಅನ್ನುವ ಮೂರು ಬೇರೆಬೇರೆ ಸಂಗತಿಗಳು ಬೇರೆಬೇರೆಯಾಗಿಯೇ ದಾಖಲಾಗುತ್ತಿದ್ದವು. ಈ ತಂತ್ರಾಂಶ ಮೂರಕ್ಕೂ ಒಂದೇ ಹೆಸರು ಕೊಟ್ಟು, ಕೊನೆಗೆ ಆ ಹೆಸರಿಗೆ 'ಶಂಕೆ' ಅಂತ ಅರ್ಥ ಹಚ್ಚಿತು.

ಇದನ್ನೆಲ್ಲ ಬರೆದು, ಮಾಕ್ ಟೆಸ್ಟ್‌ನ ವಿಡಿಯೊ ಮೊಬೈಲ್‌ನಲ್ಲಿ ತೆಗೆದು, ಪರೀಕ್ಷೆ ನಡೆಸಿದವರಿಗೆ ಕಳಿಸಿದೆವು. ಸಿದ್ಧ ಉತ್ತರ ಬಂತು. ಫೋನ್ ಮಾಡಿದರೆ, "ಸಿಸ್ಟಮ್ ಫ್ಲ್ಯಾಗ್ ಮಾಡಿದೆ ಮೇಡಂ, ನಮ್ಮ ಕೈಯಲ್ಲಿ ಏನೂ ಇಲ್ಲ" ಅಂದರು. ಸಿಸ್ಟಮ್ ಯಾವ ಕಾರಣಕ್ಕೆ ಫ್ಲ್ಯಾಗ್ ಮಾಡಿತು ಅಂದೆ. ಅದು ಗೌಪ್ಯವಂತೆ. ಹುಡುಗಿಯ ಕ್ಯಾಮೆರಾ ವಿಡಿಯೊ ನಿಮ್ಮ ಹತ್ತಿರ ಇದೆಯಲ್ಲ, ಅದನ್ನು ಯಾರಾದರೂ ನೋಡಿದ್ದೀರಾ ಅಂತ ಕೇಳಿದೆ. ಅವಳು ತಲೆ ತಗ್ಗಿಸಿ ಬರೆಯುತ್ತಿರುವುದು ಅದರಲ್ಲಿ ಕಾಣಿಸಲೇಬೇಕು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ಟಿಕೆಟ್ ನಂಬರ್ ಕೊಟ್ಟು ಫೋನ್ ಇಟ್ಟರು. ಫೋನ್ ಎತ್ತಿದ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕೊಟ್ಟಿರುವುದೂ ಅದೇ ಕಾರಣವಿಲ್ಲದ ಪಟ್ಟಿ ಇರಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಒಬ್ಬರಿಗೆ ತಮ್ಮ ಬಗ್ಗೆ ಸಂಗ್ರಹಿಸಿದ ಮಾಹಿತಿ ಏನು, ಅದನ್ನು ಹೇಗೆ ಬಳಸಲಾಗುತ್ತಿದೆ ಎಂದು ಕೇಳುವ ಹಕ್ಕು, ತಪ್ಪಿದ್ದರೆ ತಿದ್ದಿಸುವ ಹಕ್ಕು ಬರೆದಿಟ್ಟಿದೆ. ಪರದೆಯ ಚಿತ್ರ, ಮುಖದ ವಿಡಿಯೊ, ಕೋಣೆಯ ಧ್ವನಿ ಎಲ್ಲ ತೆಗೆದುಕೊಂಡವರು ಅದರಿಂದ ಹೊರಟ ತೀರ್ಮಾನದ ಕಾರಣವನ್ನು ಮಾತ್ರ ಗೌಪ್ಯ ಅನ್ನುವುದು ಯಾವ ನ್ಯಾಯ? ಕಾನೂನು ಬಲ್ಲ ಓದುಗರು ಈ ಬಗ್ಗೆ ಬರೆದರೆ ನಮ್ಮಂಥವರಿಗೆ ಉಪಕಾರವಾಗುತ್ತದೆ.

ಕೆಲವರು ಕೇಳಬಹುದು, ಟೈಮ್‌ಔಟ್ ಅನ್ನು ಹೀಗೆ ಮಾಫಿ ಮಾಡಿದರೆ ನಕಲು ಮಾಡುವವರಿಗೆ ದಾರಿ ಬಿಟ್ಟ ಹಾಗೆ ಆಗುವುದಿಲ್ಲವೇ ಅಂತ. ಇಲ್ಲ. ಇನ್ನೊಂದು ವಿಂಡೋ ತೆರೆದರೆ, ಉತ್ತರ ಹುಡುಕಿದರೆ, ಯಾರ ಜೊತೆಗೋ ಚಾಟ್ ಮಾಡಿದರೆ ಪರದೆ ಬದಲಾಗುತ್ತದೆ, ಫ್ರೇಮ್ ಬಂದೇ ಬರುತ್ತದೆ. ಪಕ್ಕದಲ್ಲಿ ಇನ್ನೊಂದು ಮೊಬೈಲ್ ಇಟ್ಟುಕೊಂಡು ನೋಡುವವರನ್ನು ಹಿಡಿಯಬೇಕಾದದ್ದು ಕ್ಯಾಮೆರಾ, ಪರದೆಯ ಫ್ರೇಮ್ ಅಲ್ಲ. ನಿಜವಾದ ಕಳ್ಳನಿಗೆ ಈಗಿನ ಏರ್ಪಾಟು ಇನ್ನೂ ಅನುಕೂಲ. ಮೌಸ್ ಅಲ್ಲಾಡಿಸುತ್ತ ಇದ್ದರೆ ಸಾಕು, ಅವನ ರಿಪೋರ್ಟ್ ಸ್ವಚ್ಛ.

ಮುಂದಿನ ಪರೀಕ್ಷೆಗೆ ನಮ್ಮ ಹುಡುಗಿಗೂ ನಾನು ಅದನ್ನೇ ಹೇಳಿಕೊಟ್ಟೆ. ಎಡಗೈಯಲ್ಲಿ ಮೌಸ್ ಆಡಿಸ್ತಾ ಇರು, ಬಲಗೈಯಲ್ಲಿ ಲೆಕ್ಕ ಮಾಡು ಅಂತ. ಹೇಳುವಾಗ ನಾಚಿಕೆಯಾಯಿತು. ಚಾರ್ಜರ್ ಹಾಕಿಯೇ ಇರು, ಪರದೆ ಆರದಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸು, ಅಪ್‌ಡೇಟ್‌ಗಳನ್ನು ಹಿಂದಿನ ದಿನವೇ ಮುಗಿಸು ಅಂತಲೂ ಹೇಳಿದ್ದೇನೆ. ಪರೀಕ್ಷೆ ಬರೆಯುವ ಬೇರೆ ಮಕ್ಕಳೂ ಇಷ್ಟು ಮಾಡಿಕೊಳ್ಳಲಿ. ಹಳದಿ ಪಟ್ಟಿ ಬಂದರೆ ಆ ಹೊತ್ತನ್ನು ರಫ್ ಹಾಳೆಯ ಮೂಲೆಯಲ್ಲಿ ಬರೆದಿಡಲಿ, ಆಮೇಲೆ ಬೇಕಾಗುತ್ತದೆ.

ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳಲ್ಲಿ ಒಂದು ವಿನಂತಿ. ಇಂಥ ಪರೀಕ್ಷೆಗೆ ಒಪ್ಪಿಕೊಳ್ಳುವ ಮೊದಲು ಮಾಕ್ ಟೆಸ್ಟ್ ತೆರೆದು ಐದು ನಿಮಿಷ ಕೈ ಕಟ್ಟಿ ಕೂತು ನೋಡಿ. ಆಮೇಲೆ ರಿಪೋರ್ಟ್ ತರಿಸಿಕೊಳ್ಳಿ. ಉಲ್ಲಂಘನೆ ಅಂತ ಒಂದಾದರೂ ಬಂದಿದ್ದರೆ ಅದನ್ನು ಸರಿಪಡಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿ. ಇದಕ್ಕೆ ಕಂಪ್ಯೂಟರ್ ಸೈನ್ಸ್ ಓದಿರಬೇಕಾಗಿಲ್ಲ. ಇಂಥ ತಂತ್ರಾಂಶ ಬರೆಯುವವರಲ್ಲಿ ಈ ಪತ್ರಿಕೆ ಓದುವವರೂ ಇರುತ್ತೀರಿ. ನಿಮ್ಮ ಕೋಡ್‌ನಲ್ಲಿ ಫ್ರೇಮ್ ಕೇಳುವ ಸಾಲಿನ ಕೆಳಗೆ ಟೈಮ್‌ಔಟ್‌ಗೆ ಬೇರೆ ದಾರಿ ಇದೆಯೋ ಇಲ್ಲವೋ ಇವತ್ತೇ ಒಮ್ಮೆ ನೋಡಿ.

ಪರೀಕ್ಷೆ ನಡೆಸಿದವರಿಗೆ ನಾವು ಮತ್ತೆ ಬರೆದಿದ್ದೇವೆ. ಈ ಸಲ ವಾದ ಮಾಡಿಲ್ಲ. ನೀವು ಹೇಳುವ ನಲವತ್ತು ಚಿಲ್ಲರೆ ಸಲದಲ್ಲಿ 26 ಎಷ್ಟು, 27 ಎಷ್ಟು ಅಂತ ಮಾತ್ರ ಕೇಳಿದ್ದೇವೆ. ಲಾಗ್ ಫೈಲ್‌ನಲ್ಲಿ ಹುಡುಕಲು ಒಂದು ನಿಮಿಷ ಬೇಕಾಗಲಿಕ್ಕಿಲ್ಲ. ಇನ್ನೂ ಉತ್ತರ ಬಂದಿಲ್ಲ.

ಹುಡುಗಿ ಇನ್ನೂ ಬೇರೆ ಕಡೆ ಪರೀಕ್ಷೆ ಬರೆಯಬೇಕಾದವಳು. ಹಾಗಾಗಿ ನನ್ನ ಹೆಸರು, ವಿಳಾಸವನ್ನು ನಿಮ್ಮ ಕಚೇರಿಗೆ ಬೇರೆಯಾಗಿ ಕಳಿಸಿದ್ದೇನೆ. ಪ್ರಕಟಿಸುವುದು ಬೇಡ.

ಇಂತು,
ಒಬ್ಬ ಓದುಗಳು, ತೀರ್ಥಹಳ್ಳಿ